ಎರಡೆರಡು ಸಲ

ನನ್ನ ಹೆಸರು ಜಲಜಾಕ್ಷಿ.
ಮೇಡಂ ಅರ್ಶಲೂಯ್ಸ್ ಬಾಯಿಗೆ ಅದು ಉದ್ದವಾಗಿ
‘ಜಲ’ ಅಂತಷ್ಟೇ ಉಳಿಸಿಕೊಂಡಿದ್ದಾರೆ.
ಈ ಊರಲ್ಲಿ ಬೆಲೆಯಿರುವುದು ಅಷ್ಟಕ್ಕೇ,
ಕಣ್ಣಿಗಲ್ಲ, ಅಂತ ನಾನೂ ನಕ್ಕು ಸುಮ್ಮನಾದೆ.

ಮುಹರ್ರಕ್. ಮೂರನೇ ಮಹಡಿ. ಆಗಸ್ಟು.
ಗಾಜು ಹೊರಮೈಯಲ್ಲಿ ಬೆವರುತ್ತದೆ,
ಮಾಳಿಗೆಯ ನೀರಿನ ಟ್ಯಾಂಕು ಸವರಿದಂತೆ
ಇಳಿಯುತ್ತವೆ ವಿಮಾನ.
ಪಿಯಾನೋ ಪಕ್ಕದ ಪುಟ್ಟ ಯಂತ್ರ
ಗಾಳಿಯ ಪಸೆಯನ್ನೆಲ್ಲ ಕುಡಿದು
ಬಕೆಟ್ಟಿಗೆ ಕಕ್ಕುತ್ತದೆ.
ಅದನ್ನು ಚೆಲ್ಲುವುದು ದಿನಕ್ಕೆರಡು ಸಲ.
ಮೂತ್ರದ ಚೀಲ ಎರಡು ಸಲ.
ರಕ್ತ ತೆಳುಮಾಡುವ ಮಾತ್ರೆ ಎರಡು ಸಲ.

ಪಾರ್ಶ್ವವಾಯು ಬಡಿದದ್ದು ಮಾರ್ಚಿನಲ್ಲಿ.
ಎಡಗೈ ಮಡಿಲಲ್ಲೇ ಇರುತ್ತದೆ
ಒಣಗಿಸಿ ತಂದು ಮಡಿಸಲು ಮರೆತ ಬಟ್ಟೆ.

ಸಂಜೆ ಆರಕ್ಕೆ ಗಾಲಿಕುರ್ಚಿ ತಳ್ಳಿ
ಪಿಯಾನೋ ಮುಂದೆ ಬ್ರೇಕು ಹಾಕಬೇಕು.
‘ಸ್ಕಾರ್ಲಾಟಿ’ ಅನ್ನುತ್ತಾರೆ,
ಬಾಡಿಗೆ ಬಾಕಿಯಿಟ್ಟವನನ್ನು ಕೂಗಿದ ಹಾಗೆ.
ಇಟಲಿಯಲ್ಲಿ ಹುಟ್ಟಿ ಸ್ಪೇನಿನಲ್ಲಿ ಸತ್ತವನಂತೆ,
ಅರಮನೆಯ ಕೆಲಸದಲ್ಲಿದ್ದವನಂತೆ.
‘ವೀಸಾ ಯಾರ ಹೆಸರಲ್ಲಿತ್ತು?’
‘ರಾಜಕುಮಾರಿಯ ಹೆಸರಲ್ಲಿ’ ಅಂದು
ಬಾಯಿಯ ಒಂದೇ ಬದಿಯಿಂದ ನಕ್ಕರು.

ಅವನು ಬರೆದದ್ದು ಪಿಯಾನೋಗೂ ಅಲ್ಲವಂತೆ;
ಗರಿಯ ಮೊನೆ ತಂತಿ ಮೀಟುವ
ಬೇರೆಯೇ ಪೆಟ್ಟಿಗೆಗೆ.
‘ಅಲ್ಲಿ ಹೇಗೆ ಒತ್ತಿದರೂ ಒಂದೇ ದನಿ.
ಈ ಮನೆಗೆ ಬಂದಮೇಲೆ ನೋಡು,
ಪಿಸುಗುಡುವುದನ್ನು ಕಲಿತಿದೆ.’

ನನಗೆ ಸಂಗೀತವೆಂದರೆ ಶಾಲೆಯ ಹಾರ್ಮೋನಿಯಂ,
ಮುಂದಿನ ಎರಡು ಹಲ್ಲು ಬಿದ್ದದ್ದು.
ಆದರೂ ಬಲಗೈ ಒಂಟಿಯಾಗಿ ಓಡುವಾಗ
ಏನೋ ಗೊತ್ತಾಗುತ್ತದೆ:
ಒಂದೇ ಸ್ವರವನ್ನು ಬೆರಳು ಬದಲಿಸಿ ಬದಲಿಸಿ
ಕುಟ್ಟುವುದು, ಬಂಗುಡೆ ಕೊಚ್ಚುವ ಕತ್ತಿಯಂತೆ;
ನಡುವೆ ಪಕ್ಕದ ಸ್ವರವನ್ನು ಬೇಕಂತಲೇ ತುಳಿಯುವುದು,
ಸಾರಿನಲ್ಲಿ ಹಲ್ಲಿಗೆ ಸಿಕ್ಕ ಇಡೀ ಕಾಳುಮೆಣಸು.
‘ತಪ್ಪಿತಾ ಮೇಡಂ?’
‘ಇಲ್ಲ. ಅದು ಅವನೇ ಬರೆದ ತಪ್ಪು.’

ಅವನೇ ಬರೆದ ತಪ್ಪು.
ರಾತ್ರಿ ಎ.ಸಿ.ಯ ಸದ್ದಿನ ಕೆಳಗೆ ಮಲಗಿ
ಅದನ್ನೇ ಹೊರಳಿಸಿದೆ.
ನಮ್ಮ ಚಾರ್ಟಿನಲ್ಲಿ ಅಂಥದಕ್ಕೆ ಕಾಲಂ ಇಲ್ಲ.

ಇವತ್ತು ತೆಗೆದದ್ದು ಬೇರೊಂದು.
ಇದರಲ್ಲಿ ಎಡಗೈ ಬಲಗೈಯನ್ನು ದಾಟಿ
ಆಚೆ ದಡಕ್ಕೆ ಹಾರಬೇಕು,
ಒಂದು ಸ್ವರ ಮುಟ್ಟಿ ಮರಳಬೇಕು.
ಅವರು ನನ್ನ ಕಡೆ ನೋಡಿದರು.
ಗಾಯದ ಕಂದು ಪಟ್ಟಿಯ ಚೂರೊಂದು
ಬಿಳಿ ಮನೆಗೆ ಅಂಟಿಸಿದೆ, ಗುರುತಿಗೆ.

ಐದು ತಿಂಗಳಿಂದ ಈ ತೋಳನ್ನು ಎತ್ತಿದವಳು, ಒರೆಸಿದವಳು,
ಈಗ ಅದರ ಮೇಲಿಂದ
ತಾಗದ ಹಾಗೆ ಕೈ ಚಾಚಿ ನಿಲ್ಲುವುದು
ಎಂಥ ಕಷ್ಟ!
ಕೈಕೆಳಗೆ ಅವರ ಮುಂಗೈಯ ನರಗಳು
ಇರುವೆ ಸಾಲಿನ ಅವಸರದಲ್ಲಿ.
‘ಈಗ’ ಅಂದರು. ಆ ‘ಈಗ’ ಕಿವಿಗೆ ಬಿದ್ದು
ಬೆರಳಿಗೆ ಇಳಿಯುವಷ್ಟರಲ್ಲಿ
ಸಂಗೀತ ಮುಂದಿನ ಓಣಿ ತಿರುಗಿಯಾಗಿತ್ತು.
ನನ್ನ ಸ್ವರ ಒಂಟಿಯಾಗಿ
ಬಸ್ಸು ತಪ್ಪಿದವಳ ಹಾಗೆ ನಿಂತಿತು.

ಅವರು ನಿಲ್ಲಿಸಲಿಲ್ಲ. ಬಯ್ಯಲೂ ಇಲ್ಲ.
‘ಪ್ರತಿ ಅರ್ಧವನ್ನೂ ಎರಡೆರಡು ಸಲ ಬರೆದಿದ್ದಾನೆ.
ನಿನ್ನಂಥವಳೂ ಇರುತ್ತಾಳೆಂದು ಗೊತ್ತಿತ್ತು ಅವನಿಗೆ.’
ಮತ್ತೆ ಮೊದಲಿಂದ. ಅದೇ ಕತ್ತಿ, ಅದೇ ಮೆಣಸು,
ಮೇಲೆ ಜೆಡ್ಡಾದ ವಿಮಾನವೋ ಕೊಚ್ಚಿಯದೋ,
ಗೋಡೆಯ ಚೌಕಟ್ಟುಗಳೆಲ್ಲ ಗುಡುಗುಡು.
‘ಈಗ’ ಅಂದದ್ದು ಕೇಳಿಸಲೇ ಇಲ್ಲ.

ಒತ್ತಿದೆ.

ತುಂಬಿದ ಕೊಡದ ಅಂಚಿನಿಂದ
ಒಂದೇ ಹನಿ ಜಾರಿದ ಹಾಗೆ ಕೇಳಿತೇನೋ.
ಖಾತ್ರಿಯಿಲ್ಲ. ವಿಮಾನದ ಸದ್ದಿತ್ತು.
ಮೇಡಂ ತಲೆಯೆತ್ತದೆ ಎರಡನೇ ಅರ್ಧಕ್ಕೆ ಹೊರಟೇಬಿಟ್ಟರು.

ಒಂಬತ್ತಕ್ಕೆ ರಿಜಿಸ್ಟರು ತೆರೆದೆ.
ರಕ್ತದೊತ್ತಡ, ಸಕ್ಕರೆ, ಊಟ: ಅರ್ಧ.
ಎಡಗೈ ಎಂಬಲ್ಲಿ ದಿನಾ ‘ಚಲನೆ ಇಲ್ಲ’ ಬರೆಯುತ್ತೇನೆ,
ಸಿಡ್ನಿಯ ಮಗಳು ಫೋಟೋ ತೆಗೆಸಿ ಓದುತ್ತಾಳೆ.
ಪೆನ್ನು ಹಿಡಿದು ಸುಮಾರು ಹೊತ್ತು ಕೂತೆ.
ಆಮೇಲೆ ಬರೆದೆ:
‘ಒಂದು ಸ್ವರ. ಮೊದಲ ಸಲ ತಡವಾಗಿ.’